ತಡವಾಗಿ ಹಣ್ಣಾಗುವ ಹೈಬುಷ್ ಬ್ಲೂಬೆರಿ: ಹಿತ್ತಲಲ್ಲಿ ಬೆಳೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಬುಷ್ ಎಂದರೆ ಎತ್ತರದ ಪೊದೆಯಾಗಿ ಬೆಳೆಯುವ ಬ್ಲೂಬೆರಿ. ಈ ಉತ್ತರಗಳನ್ನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ಮನೆಗಳ ಹಿತ್ತಲನ್ನು ಕಣ್ಣಮುಂದಿಟ್ಟುಕೊಂಡು ಬರೆಯಲಾಗಿದೆ. ಪೆನ್ಸಿಲ್ವೇನಿಯ, ನ್ಯೂಯಾರ್ಕ್, ಕನೆಕ್ಟಿಕಟ್ ಕಡೆಯವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಮಿಷಿಗನ್‌ನಲ್ಲಿರುವವರು ಎಲ್ಲ ತಾರೀಖುಗಳನ್ನೂ ಎರಡು ಮೂರು ವಾರ ಮುಂದಕ್ಕೆ ಹಾಕಿಕೊಳ್ಳಿ. ಬೇರೆ ಕಡೆಯವರ ಪ್ರಶ್ನೆಗಳು ಕೊನೆಯಲ್ಲಿವೆ.

ಡ್ಯೂಕ್, ಬ್ಲೂಕ್ರಾಪ್ ಗಿಡ ಎಲ್ಲ ನರ್ಸರಿಯಲ್ಲೂ ಸಿಗುತ್ತೆ. ತಡವಾದ ತಳಿಯನ್ನೇ ಹುಡುಕಿಕೊಂಡು ಹೋಗಬೇಕಾ?

ನಮ್ಮವರಿಗೆ ಇದಕ್ಕೊಂದು ಒಳ್ಳೆಯ ಕಾರಣವಿದೆ. ಮಕ್ಕಳಿಗೆ ರಜೆ ಬರುವುದು ಜೂನ್ ಮೂರನೇ ವಾರದ ಹೊತ್ತಿಗೆ. ಮರುದಿನವೇ ಸೂಟ್‌ಕೇಸ್ ತೂಗಿ ಊರಿಗೆ ಹೊರಡುತ್ತೇವೆ. ಡ್ಯೂಕ್ ಹಣ್ಣಾಗುವುದು ಜೂನ್ ಕೊನೆಯ ಹೊತ್ತಿಗೆ, ಬ್ಲೂಕ್ರಾಪ್ ಜುಲೈ ಮೊದಲ ವಾರಗಳಲ್ಲಿ. ಅಂದರೆ ವರ್ಷವಿಡೀ ಸಾಕಿದ ಗಿಡದ ಫಸಲು ಪಕ್ಕದ ಮನೆಯವರಿಗೆ, ಇಲ್ಲವೇ ಹಕ್ಕಿಗಳಿಗೆ. ಎಲಿಯಟ್, ಅರೋರಾದಂಥ ತಳಿಗಳು ಜುಲೈ ಕೊನೆಗೆ ಬಣ್ಣ ತಿರುಗಲು ಶುರುವಾಗಿ ಆಗಸ್ಟ್ ಪೂರ್ತಿ ನಿಧಾನವಾಗಿ ಹಣ್ಣಾಗುತ್ತವೆ. ಆಗಸ್ಟ್ ನಡುವಿನಲ್ಲಿ ವಾಪಸು ಬಂದವರಿಗೂ ಗಿಡದಲ್ಲಿ ಹಣ್ಣು ಇರುತ್ತದೆ. ಹ್ಯಾಮಂಟನ್ ಕಡೆಯ ಯು-ಪಿಕ್ ತೋಟಗಳಲ್ಲಿ (ದುಡ್ಡು ಕೊಟ್ಟು ನಾವೇ ಹಣ್ಣು ಕಿತ್ತುಕೊಳ್ಳುವ ತೋಟಗಳು) ಆ ಹೊತ್ತಿಗೆ ಬಹುತೇಕ ಕೊಯ್ಲು ಮುಗಿದಿರುತ್ತದೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಹಿಂದಿನ ದಿನ ಬಂದಿಳಿಯುವವರಿಗೆ ಮಾತ್ರ ಬರೀ ಅಳಿದುಳಿದದ್ದು.

ತಡವಾಗಿ ಹಣ್ಣಾಗುವುದರಲ್ಲಿ ಒಂದು ತೊಂದರೆಯೂ ಇದೆ: ಆಗಸ್ಟ್‌ನಲ್ಲಿ ಹಣ್ಣಿಗೆ ಮೊಟ್ಟೆಯಿಡುವ ನೊಣ. ಅದಕ್ಕೆ ಕೆಳಗೆ ಉದ್ದದ ಉತ್ತರವೇ ಇದೆ. ಗಿಡ ತರುವ ಮುಂಚೆ ಅದನ್ನೊಮ್ಮೆ ಓದಿಕೊಳ್ಳಿ.

ಯಾವ ತಳಿ ಒಳ್ಳೆಯದು?

ಎಲಿಯಟ್ ಹಳೆಯ ಹೆಸರು. ಅಮೆರಿಕದ ಕೃಷಿ ಇಲಾಖೆ ಇದನ್ನು ಬಿಡುಗಡೆ ಮಾಡಿದ್ದು 1973ರಲ್ಲಿ. ಗಟ್ಟಿ ಗಿಡ, ಚಳಿಗೆ ಬಗ್ಗುವುದಿಲ್ಲ, ಗೊಂಚಲು ಗೊಂಚಲಾಗಿ ಬಿಡುತ್ತದೆ. ಆದರೆ ಹುಳಿ ಜಾಸ್ತಿ. ನೀಲಿಯಾದ ಕೂಡಲೇ ಕಿತ್ತು ಬಾಯಿಗೆ ಹಾಕಿಕೊಂಡವರು ಗಿಡವನ್ನು ಬಯ್ಯುತ್ತಾರೆ. ತಪ್ಪು ಗಿಡದ್ದಲ್ಲ, ಅವಸರದ್ದು.

ಅರೋರಾ ಮತ್ತು ಲಿಬರ್ಟಿ ಎರಡೂ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಳಿಗಳು, ಎರಡಕ್ಕೂ ತಾಯಿ ತಂದೆ ಬ್ರಿಜಿಟಾ ಮತ್ತು ಎಲಿಯಟ್. ಲಿಬರ್ಟಿ ಎಲಿಯಟ್‌ಗಿಂತ ಕೆಲವು ದಿನ ಮೊದಲು, ಅರೋರಾ ಕೆಲವು ದಿನ ಆಮೇಲೆ. ರುಚಿಯಲ್ಲಿ ನನ್ನ ಓಟು ಲಿಬರ್ಟಿಗೆ, ಸಿಹಿ-ಹುಳಿ ಹದವಾಗಿದೆ. ಅರೋರಾ ಬಹಳ ತಡ, ಹುಳಿಯೂ ಹೌದು, ಫ್ರಿಜ್ಜಿನಲ್ಲಿ ಚೆನ್ನಾಗಿ ಬಾಳುತ್ತದೆ.

ಚಾಂಡ್ಲರ್ 1994ರದ್ದು. ಹಣ್ಣಿನ ಗಾತ್ರ ನೋಡಿದ ಮಕ್ಕಳು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಎಲ್ಲ ಒಟ್ಟಿಗೆ ಹಣ್ಣಾಗದೆ ನಾಲ್ಕೈದು ವಾರ ಎಳೆಯುತ್ತದೆ. ಮಾರುವವನಿಗೆ ಇದು ತಲೆನೋವು, ಮನೆಯವರಿಗೆ ವರ. ಚಳಿ ತಡೆಯುವುದರಲ್ಲಿ ಮಾತ್ರ ಎಲಿಯಟ್‌ನಷ್ಟು ಗಟ್ಟಿಯಲ್ಲ. ಇನ್ನು ಜೆರ್ಸಿ ಎಂಬ ತಳಿ 1928ರದ್ದು. ಹಳೆಯ ಮನೆ ಕೊಂಡವರ ಹಿತ್ತಲಲ್ಲಿ ಆಳೆತ್ತರದ ಬ್ಲೂಬೆರಿ ಪೊದೆ ಇದ್ದರೆ ಅದು ಇದೇ ಇರಬಹುದು. ಹಣ್ಣು ಚಿಕ್ಕದು, ರುಚಿ ಚೆನ್ನ. ಕಡಿದು ಹಾಕಬೇಡಿ.

ಎರಡೇ ಗಿಡಕ್ಕೆ ಜಾಗವಿದ್ದರೆ ಒಂದು ಲಿಬರ್ಟಿ, ಒಂದು ಚಾಂಡ್ಲರ್ ಹಾಕಿ.

ಒಂದೇ ಗಿಡ ಹಾಕಿದರೆ ಕಾಯಿ ಬಿಡುವುದಿಲ್ಲವಾ?

ಬಿಡುತ್ತದೆ. ಎರಡು ಬೇರೆ ತಳಿ ಇದ್ದರೆ ಹಣ್ಣು ದಪ್ಪವಾಗುತ್ತದೆ, ಸ್ವಲ್ಪ ಬೇಗವೂ ಆಗುತ್ತದೆ. ಆದರೆ ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು, ಹಾಗಾಗಿ ತಡದ ತಳಿಗೆ ತಡದ ತಳಿಯೇ ಜೋಡಿ. ಹೂವಿನ ಕಾಲದಲ್ಲಿ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಕೆಳಮುಖವಾಗಿ ತೂಗುವ ಆ ಬಿಳಿ ಹೂವನ್ನು ಕಚ್ಚಿ ಹಿಡಿದು, ಮೈ ನಡುಗಿಸಿ ಪರಾಗ ಉದುರಿಸುವ ಬಂಬಲ್‌ಬೀಗಳೇ ನಿಮ್ಮ ಆಳುಗಳು.

ಗಿಡ ಹಾಕಿ ಎರಡು ವರ್ಷವಾಯಿತು. ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಯಾಕೆ?

ಹತ್ತರಲ್ಲಿ ಒಂಬತ್ತು ಪಾಲು ಮಣ್ಣಿನ ಪಿಎಚ್, ಅಂದರೆ ಮಣ್ಣಿನ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬ್ಲೂಬೆರಿಗೆ ಬೇಕಾದದ್ದು 4.5ರಿಂದ 5ರ ಆಸುಪಾಸು, 5.5 ದಾಟಿದರೆ ಕಷ್ಟ. ಟೊಮ್ಯಾಟೊ, ಮೆಂತ್ಯ, ಗುಲಾಬಿ ಚೆನ್ನಾಗಿ ಬರುವ ಮಣ್ಣು ಸಾಮಾನ್ಯವಾಗಿ 6ರಿಂದ 7. ಅಂಕಿಯಲ್ಲಿ ಒಂದೇ ಮೆಟ್ಟಿಲಿನ ವ್ಯತ್ಯಾಸ ಅನಿಸಬಹುದು. ಪಿಎಚ್ 5ರ ಮಣ್ಣು 6ರ ಮಣ್ಣಿಗಿಂತ ಹತ್ತು ಪಟ್ಟು ಆಮ್ಲೀಯ. ಹುಲ್ಲುಹಾಸಿಗೆ ವರ್ಷ ವರ್ಷ ಸುಣ್ಣ ಹಾಕಿಸುವ ಮನೆಗಳಲ್ಲಿ ಇನ್ನೂ ಮೇಲಿರುತ್ತದೆ.

ಕಾಡಿನ ಈ ಪೊದೆಗೆ ಹುಳಿ ಮಣ್ಣೇ ಬೇಕೆಂದು ಗೊತ್ತಾಗಿ ನೂರು ವರ್ಷದ ಮೇಲೆ ಸ್ವಲ್ಪ ಆಯಿತು ಅಷ್ಟೆ. ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡ್ರಿಕ್ ಕೋವಿಲ್ 1910ರಲ್ಲಿ ಅದನ್ನು ಬರೆದು ತೋರಿಸಿದರು. ಅದನ್ನೋದಿ ಅವರಿಗೆ ಪತ್ರ ಹಾಕಿದವರು ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನ ಎಲಿಜಬೆತ್ ವೈಟ್, ಕ್ರ್ಯಾನ್‌ಬೆರಿ ಬೆಳೆಗಾರರ ಮಗಳು. ಸುತ್ತಲ ಕಾಡು ಬಲ್ಲವರಿಗೆ ದುಡ್ಡು ಕೊಟ್ಟು ದಪ್ಪ ಹಣ್ಣಿನ ಕಾಡುಗಿಡಗಳನ್ನು ಹುಡುಕಿಸಿದರು, ತಂದುಕೊಟ್ಟವರ ಹೆಸರನ್ನೇ ಗಿಡಕ್ಕಿಟ್ಟರು. ಇಬ್ಬರೂ ಸೇರಿ ಬೆಳೆದ ಮೊದಲ ಫಸಲು 1916ರಲ್ಲಿ ಮಾರಾಟಕ್ಕೆ ಹೋಯಿತು. ವೈಟ್ಸ್‌ಬಾಗ್ ಇರುವ ಪೈನ್ ಬ್ಯಾರೆನ್ಸ್ ಮಣ್ಣು ಹುಟ್ಟಾ ಹುಳಿ, ಮರಳು ಮರಳು. ನಮ್ಮವರು ಹೆಚ್ಚಿರುವುದು ಅಲ್ಲಲ್ಲ. ಬ್ರಿಡ್ಜ್‌ವಾಟರ್ ದೇವಸ್ಥಾನದ ಸುತ್ತಮುತ್ತಲ ಮನೆಗಳಲ್ಲಿ ಗುದ್ದಲಿ ಹಾಕಿದರೆ ಬರುವುದು ಕೆಂಪು ಶೇಲ್ ಕಲ್ಲಿನ ಜಿಗುಟು ಮಣ್ಣು. ಒಂದೇ ರಾಜ್ಯ, ಬೇರೆ ಭೂಮಿ.

ಆದ್ದರಿಂದ ಗಿಡಕ್ಕಿಂತ ಮೊದಲು ಮಣ್ಣು ಪರೀಕ್ಷೆ. ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ; ಬೇರೆ ರಾಜ್ಯಗಳಲ್ಲಿ ಅಲ್ಲಲ್ಲಿನ ವಿಶ್ವವಿದ್ಯಾಲಯದ, ಜನರಿಗೆ ಕೃಷಿ ಸಲಹೆ ಕೊಡುವ ಎಕ್ಸ್‌ಟೆನ್ಷನ್ ವಿಭಾಗ ಇದೆ. ಫಾರ್ಮಿನಲ್ಲಿ ಬೆಳೆ ಎಂಬಲ್ಲಿ ಬ್ಲೂಬೆರಿ ಎಂದು ಬರೆಯಲು ಮರೆಯಬೇಡಿ. ಇಲ್ಲದಿದ್ದರೆ ಸುಣ್ಣ ಹಾಕಿ ಎಂಬ ಸಲಹೆಯೇ ಬಂದೀತು.

ಕಾಫಿ ಗಷ್ಟು ಹಾಕಿದರೆ ಹುಳಿ ಆಗುತ್ತಂತಲ್ಲ?

ಇಲ್ಲ. ಹುಳಿಯೆಲ್ಲ ಡಿಕಾಕ್ಷನ್ ಜೊತೆ ಲೋಟಕ್ಕೆ ಹೋಗಿರುತ್ತದೆ, ಉಳಿದ ಗಷ್ಟು ಹೆಚ್ಚುಕಮ್ಮಿ ತಟಸ್ಥ. ಪೈನ್ ಸೂಜಿ ಎಲೆಯೂ ಹೊದಿಕೆಗೆ ಚೆಂದ, ಪಿಎಚ್ ಇಳಿಸುವುದಿಲ್ಲ. ವಿನೆಗರ್ ಕೆಲವು ದಿನದ ಆಟ. ಹುಣಸೆ ನೀರು, ಮಜ್ಜಿಗೆ, ನಿಂಬೆಸಿಪ್ಪೆ ಬಗ್ಗೆ ಕೇಳಿದವರಿಗೂ ಇದೇ ಉತ್ತರ.

ಹಾಗಾದರೆ ಏನು ಹಾಕಬೇಕು? ಎಷ್ಟು?

ಗಂಧಕ, ಅಂದರೆ ಗಾರ್ಡನ್ ಸಲ್ಫರ್ ಎಂದು ಚೀಲದಲ್ಲಿ ಸಿಗುವ ಹಳದಿ ಗುಳಿಗೆ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಬದಲಾಯಿಸಬೇಕು. ನೆಲ ಬೆಚ್ಚಗಿದ್ದಾಗ ಮಾತ್ರ ಅವು ಕೆಲಸ ಮಾಡುವುದರಿಂದ ಆರು ತಿಂಗಳಿಂದ ಒಂದು ವರ್ಷ ಬೇಕು. ಮುಂದಿನ ಏಪ್ರಿಲ್‌ಗೆ ಗಿಡ ನೆಡುವುದಾದರೆ ಈ ಬೇಸಿಗೆಯಲ್ಲೇ ಬೆರೆಸಿ. ಪಿಎಚ್ 6ರಿಂದ 4.5ಕ್ಕೆ ಇಳಿಯಲು 100 ಚದರ ಅಡಿ ಮರಳು ಮಣ್ಣಿಗೆ ಸುಮಾರು ಒಂದೂಕಾಲು ಪೌಂಡ್, ಗೋಡು ಮಣ್ಣಿಗೆ ಸುಮಾರು ಮೂರೂವರೆ ಪೌಂಡ್. ಜೇಡಿಗೆ ಇನ್ನೂ ಹೆಚ್ಚು. ನಿಮ್ಮ ಪರೀಕ್ಷಾ ವರದಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ.

ಅಲ್ಯೂಮಿನಿಯಂ ಸಲ್ಫೇಟ್ ಬೇಗ ಕೆಲಸ ಮಾಡುತ್ತದೆಂದು ಅಂಗಡಿಯವರು ಕೊಡುತ್ತಾರೆ. ಅದರ ಅಲ್ಯೂಮಿನಿಯಂ ಹೆಚ್ಚಾದರೆ ಬೇರಿಗೆ ವಿಷ. ಬೇಡ.

ಪಿಎಚ್ 7 ದಾಟಿದ ಜಿಗುಟು ಮಣ್ಣಿನ ಜೊತೆ ಜಗಳವಾಡುವುದೂ ಬೇಡ. ನೆಲದ ಮೇಲೆ ಒಂದೂವರೆ ಅಡಿ ಎತ್ತರದ ಮರದ ಚೌಕಟ್ಟು ಕಟ್ಟಿ, ಪೀಟ್ ಮಾಸ್ (ಜೌಗು ನೆಲದ ಪಾಚಿ ಕೊಳೆತು ಆದ ಹುಳಿ ಪುಡಿ) ಮತ್ತು ಪೈನ್ ತೊಗಟೆ ಪುಡಿ ತುಂಬಿ ಅದರಲ್ಲಿ ನೆಡಿ.

ನೆಡುವ ಕ್ರಮ ಹೇಗೆ?

ವಸಂತದ ಆರಂಭದಲ್ಲಿ, ಬಿಸಿಲು ಕನಿಷ್ಠ ಆರು ಗಂಟೆ ಬೀಳುವ ಕಡೆ. ಗಿಡದಿಂದ ಗಿಡಕ್ಕೆ ಐದು ಅಡಿ. ಕುಂಡದಲ್ಲಿ ಸುತ್ತಿಕೊಂಡ ಬೇರುಗಳನ್ನು ಕೈಯಿಂದ ಬಿಡಿಸಿ. ಹಾಗೇ ಇಳಿಸಿದರೆ ಮೂರು ವರ್ಷದ ಮೇಲೂ ಅದೇ ಉಂಡೆಯಾಗಿಯೇ ಇರುತ್ತದೆ. ಕುಂಡದಲ್ಲಿದ್ದ ಮಟ್ಟಕ್ಕಿಂತ ಆಳ ಬೇಡ. ಬ್ಲೂಬೆರಿ ಬೇರಿಗೆ ಬೇರುರೋಮಗಳಿಲ್ಲ, ಹೆಚ್ಚಿನವು ಮೇಲಿನ ಒಂದು ಅಡಿಯಲ್ಲೇ ಹರಡಿರುತ್ತವೆ. ಆದ್ದರಿಂದ ಬುಡದಲ್ಲಿ ಗುದ್ದಲಿ ಆಡಿಸಬಾರದು, ಕಳೆ ಬಂದರೆ ಕೈಯಲ್ಲಿ ಕೀಳಬೇಕು. ಮೇಲೆ ಮೂರು ನಾಲ್ಕು ಇಂಚು ಮರದ ಚಕ್ಕೆಯೋ ಪೈನ್ ತೊಗಟೆಯೋ ಹಾಸಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಿ. ತಾಗಿಸಿದರೆ ಚಳಿಗಾಲದಲ್ಲಿ ಇಲಿಗಳು ಅದರೊಳಗೆ ಕೂತು ತೊಗಟೆ ಕೆರೆಯುತ್ತವೆ.

ಟೌನ್‌ಹೌಸ್‌ನಲ್ಲಿದ್ದೇವೆ. ಡೆಕ್ ಮೇಲೆ ಕುಂಡದಲ್ಲಿ ಆಗುತ್ತಾ?

ಆಗುತ್ತದೆ, ಮತ್ತು ಮಣ್ಣಿನ ತಲೆನೋವೇ ಇಲ್ಲ. 15-20 ಗ್ಯಾಲನ್ ಕುಂಡ, ಪೈನ್ ತೊಗಟೆ ಪುಡಿ ಮತ್ತು ಪೀಟ್ ಮಾಸ್. ಸಾದಾ ಪಾಟಿಂಗ್ ಮಿಕ್ಸ್‌ನಲ್ಲಿ ಸುಣ್ಣ ಬೆರೆಸಿರುತ್ತಾರೆ, ಅದು ಬೇಡ. ಜನವರಿಯಲ್ಲಿ ನೆಲದೊಳಗಿನ ಬೇರಿಗಿಂತ ಕುಂಡದ ಬೇರು ಬೇಗ ಹೆಪ್ಪುಗಟ್ಟುತ್ತದೆ. ಹೀಟರ್ ಇಲ್ಲದ ಗ್ಯಾರೇಜಿಗೆ ಸರಿಸಿ, ತಿಂಗಳಿಗೊಮ್ಮೆ ನೀರು ತೋರಿಸಿ. ಮನೆಯೊಳಗೆ ಬೆಚ್ಚಗೆ ಇಡಬಾರದು, ಅದಕ್ಕೆ ಚಳಿನಿದ್ದೆ ಬೇಕೇ ಬೇಕು.

ಎಲೆ ಹಳದಿಯಾಗಿದೆ, ನರ ಮಾತ್ರ ಹಸಿರು. ಸಗಣಿ ಗೊಬ್ಬರ ಹಾಕಲೇ?

ಹಾಕಬೇಡಿ. ಎಳೆ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಪಿಎಚ್ ಮೇಲಿರುವುದರಿಂದ ಬೇರಿಗೆ ಸಿಗುತ್ತಿಲ್ಲ. ಸಗಣಿ ಗೊಬ್ಬರ ಪಿಎಚ್ ಮೇಲೇರಿಸುತ್ತದೆ, ಅದರ ಲವಣ ಬೇರು ಸುಡುತ್ತದೆ. ಬೂದಿ, ಮೊಟ್ಟೆ ಚಿಪ್ಪು, ಅಗ್ಗಿಷ್ಟಿಕೆಯ ಕಸ ಎಲ್ಲ ಇದೇ ಸಾಲಿಗೆ. ಊರಿಂದ ಬಂದ ಹಿರಿಯರು ಪ್ರೀತಿಯಿಂದ ಬುಡಕ್ಕೆ ಬೂದಿ ಹಾಕುವ ಮುಂಚೆ ಹೇಳಿಬಿಡಿ.

ಸಾರಜನಕ ಅಮೋನಿಯಂ ರೂಪದಲ್ಲಿರಬೇಕು; ನೈಟ್ರೇಟ್ ಗೊಬ್ಬರ ಈ ಗಿಡಕ್ಕೆ ಒಗ್ಗದು. ಅಮೋನಿಯಂ ಸಲ್ಫೇಟ್, ಇಲ್ಲವೇ ಅಜೇಲಿಯ ಗಿಡಕ್ಕೆಂದು ಸಿಗುವ ಗೊಬ್ಬರ. ಮೊದಲ ವರ್ಷ ಗಿಡಕ್ಕೆ ಒಂದು ಔನ್ಸ್ ಅಮೋನಿಯಂ ಸಲ್ಫೇಟ್, ಆಮೇಲೆ ವರ್ಷಕ್ಕೊಂದು ಔನ್ಸ್ ಏರಿಸುತ್ತಾ ಎಂಟಕ್ಕೆ ನಿಲ್ಲಿಸಿ. ಅರ್ಧ ಹೂ ಬಿಡುವ ಹೊತ್ತಿಗೆ, ಅರ್ಧ ಆರು ವಾರದ ಮೇಲೆ. ಜುಲೈ ಆದಮೇಲೆ ಬೇಡ. ಹಣ್ಣು ಇನ್ನೂ ಗಿಡದಲ್ಲಿದೆಯಲ್ಲ ಎಂದು ಆಗಸ್ಟ್‌ನಲ್ಲಿ ಹಾಕಿದರೆ ಹೊಸ ಚಿಗುರು ಬಂದು, ಬಲಿಯುವ ಮುಂಚೆಯೇ ಹಿಮಕ್ಕೆ ಸಿಕ್ಕಿ ಸಾಯುತ್ತದೆ.

ನಾವು ಊರಿಗೆ ಹೋದಾಗ ನೀರು?

ವಾರಕ್ಕೆ ಒಂದರಿಂದ ಎರಡು ಇಂಚು ಬೇಕು. ಬೇಗ ಹಣ್ಣಾಗುವ ತಳಿ ಜುಲೈ ಬಿಸಿಲು ಏರುವ ಮೊದಲೇ ಕೆಲಸ ಮುಗಿಸುತ್ತದೆ. ತಡದ್ದು ಅದೇ ಬಿಸಿಲಲ್ಲಿ ಕಾಯಿ ದಪ್ಪ ಮಾಡಬೇಕು. ಸಾಲದೆಂಬಂತೆ ಮುಂದಿನ ವರ್ಷದ ಹೂಮೊಗ್ಗು ಕೂಡುವುದೂ ಬೇಸಿಗೆಯ ಕೊನೆಯಲ್ಲೇ. ಜುಲೈನಲ್ಲಿ ಬಾಡಿಸಿದರೆ ಎರಡು ವರ್ಷದ ಫಸಲಿಗೆ ಏಟು. ಪಕ್ಕದ ಮನೆಯವರಿಗೆ ಹೇಳಿ ಹೋಗುವುದಕ್ಕಿಂತ ನಲ್ಲಿಗೆ ಟೈಮರ್ ಹಾಕಿ ಡ್ರಿಪ್ ಎಳೆಯುವುದು ಲೇಸು. ಹೊರಡುವ ಒಂದು ವಾರ ಮುಂಚೆಯೇ ಓಡಿಸಿ ನೋಡಿ.

ಮೊದಲ ವರ್ಷವೇ ಹೂ ಬಂದಿದೆ. ಕಿತ್ತುಹಾಕಿ ಅಂತಾರೆ, ನಿಜವಾ?

ನಿಜ. ಮೊದಲ ಎರಡು ವರ್ಷದ ಹೂ ಪೂರ್ತಿ ತೆಗೆಯಿರಿ. ಮನಸ್ಸು ಬರುವುದಿಲ್ಲ, ಗೊತ್ತು. ಗಿಡ ಪೂರ್ಣ ಫಸಲಿಗೆ ಬರಲು ಆರರಿಂದ ಎಂಟು ವರ್ಷ. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಕೊಡುತ್ತದೆ.

ಸವರುವುದು ಯಾವಾಗ, ಹೇಗೆ?

ಫೆಬ್ರವರಿ ಕೊನೆ, ಮಾರ್ಚ್. ಎಲೆಯಿಲ್ಲದ ಆ ಹೊತ್ತಿನಲ್ಲಿ ಒಂದು ಕಡ್ಡಿಯನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ಉಬ್ಬಿದ ದುಂಡು ಮೊಗ್ಗುಗಳು, ಅವು ಹೂವಿನವು. ಕೆಳಗೆ ಕಡ್ಡಿಗೆ ಅಂಟಿದಂತೆ ಚೂಪಾದ ಸಣ್ಣವು, ಎಲೆಯವು. ಒಂದೊಂದು ದುಂಡು ಮೊಗ್ಗಿನಿಂದ ಐದರಿಂದ ಹತ್ತು ಹೂ ಬರುತ್ತದೆ. ಹೂಮೊಗ್ಗು ಇರುವುದು ಕಳೆದ ವರ್ಷ ಬೆಳೆದ ಕಡ್ಡಿಯಲ್ಲಿ ಮಾತ್ರ.

ಮೂರನೇ ವರ್ಷದವರೆಗೆ ಮುರಿದದ್ದು, ಒಣಗಿದ್ದು ತೆಗೆದರೆ ಸಾಕು. ಆಮೇಲೆ ಪ್ರತಿ ವರ್ಷ ಎಲ್ಲಕ್ಕಿಂತ ಹಳೆಯ ಒಂದೆರಡು ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ. ಬೂದು ಬಣ್ಣಕ್ಕೆ ತಿರುಗಿ ಹೆಬ್ಬೆರಳಿಗಿಂತ ದಪ್ಪವಾದವು ಅವು. ಬುಡದಿಂದ ಬಂದ ಹೊಸ ಕಾಂಡಗಳಲ್ಲಿ ಗಟ್ಟಿಯಾದ ಎರಡು ಮೂರು ಉಳಿಸಿ. ಎಲಿಯಟ್ ಬೆಳೆಯುವವರು ಸ್ವಲ್ಪ ಕಲ್ಲು ಮನಸ್ಸಿನವರಾಗಬೇಕು. ಅದು ತನ್ನ ಶಕ್ತಿ ಮೀರಿ ಕಾಯಿ ಹೊರುತ್ತದೆ. ಸವರದೆ ಬಿಟ್ಟರೆ ಹಣ್ಣು ಬಟಾಣಿ ಗಾತ್ರಕ್ಕೇ ನಿಂತು, ಮೊದಲೇ ತಡವಾದದ್ದು ಇನ್ನೂ ತಡವಾಗುತ್ತದೆ.

ನೀಲಿಯಾಗಿದೆ, ಆದರೂ ಹುಳಿ. ಕಿತ್ತಿಟ್ಟರೆ ಸಿಹಿಯಾಗುತ್ತಾ?

ಆಗುವುದಿಲ್ಲ. ಮಾವಿನಕಾಯಿ ಹುಲ್ಲಲ್ಲಿಟ್ಟಂತೆ ಇದನ್ನು ಇಡಲು ಬರುವುದಿಲ್ಲ. ಪೂರ್ತಿ ನೀಲಿಯಾದ ಮೇಲೂ ಗಿಡದಲ್ಲೇ ನಾಲ್ಕರಿಂದ ಏಳು ದಿನ ಬಿಡಬೇಕು, ಎಲಿಯಟ್, ಅರೋರಾಗೆ ಇನ್ನೂ ಸ್ವಲ್ಪ ಜಾಸ್ತಿ. ಹಣ್ಣನ್ನು ಮೆಲ್ಲಗೆ ಮೇಲೆತ್ತಿ ತೊಟ್ಟಿನ ಬುಡ ನೋಡಿ. ಅಲ್ಲಿ ಕೆಂಪು ಉಂಗುರ ಕಂಡರೆ ಇನ್ನೂ ಕಾಯಿರಿ. ಹಣ್ಣಾದದ್ದು ಹೆಬ್ಬೆರಳಿಂದ ತೀಡಿದರೆ ಅಂಗೈಗೆ ಉದುರುತ್ತದೆ, ಎಳೆಯಬೇಕಾದದ್ದು ಹಣ್ಣಾಗಿಲ್ಲ. ಮೇಲಿನ ಬಿಳಿ ಪುಡಿ ಔಷಧಿಯಲ್ಲ, ಹಣ್ಣಿನದೇ ಮೇಣ. ತಿನ್ನುವಾಗ ಮಾತ್ರ ತೊಳೆಯಿರಿ.

ಹಣ್ಣಿನೊಳಗೆ ಬಿಳಿ ಹುಳು! ನಾವು ಸಸ್ಯಾಹಾರಿಗಳು. ಏನು ಮಾಡೋದು?

ಇದು ಡ್ರಾಸೊಫಿಲ ಸುಜುಕಿ ಎಂಬ ಸಣ್ಣ ನೊಣದ ಮರಿ. ಪೂರ್ವ ಏಷ್ಯಾದ್ದು, 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಡು, ಕೆಲವೇ ವರ್ಷಗಳಲ್ಲಿ ಪೂರ್ವ ಕರಾವಳಿಗೂ ಬಂತು. ಬಾಳೆಹಣ್ಣಿನ ಬುಟ್ಟಿಗೆ ಮುತ್ತುವ ನೊಣಗಳಿಗೆ ಕೊಳೆತ ಹಣ್ಣು ಸಾಕು. ಇದರ ಹೆಣ್ಣಿಗೆ ಗರಗಸದಂಥ ಮೊನೆ ಇರುವುದರಿಂದ ಗಿಡದಲ್ಲಿರುವ ಗಟ್ಟಿ ಹಣ್ಣನ್ನೇ ಕೊರೆದು ಮೊಟ್ಟೆಯಿಡುತ್ತದೆ. ಬೆಚ್ಚನೆ ದಿನಗಳಲ್ಲಿ ಎರಡು ವಾರದೊಳಗೆ ಹೊಸ ತಲೆಮಾರು. ಜೂನ್‌ನಲ್ಲಿ ಅಲ್ಲೊಂದು ಇಲ್ಲೊಂದು ಇದ್ದದ್ದು ಆಗಸ್ಟ್‌ಗೆ ದಂಡಾಗುತ್ತದೆ. ತಡದ ತಳಿಗೇ ಏಟು ಹೆಚ್ಚು ಬೀಳುವುದು ಅದಕ್ಕೆ.

ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಸ್ವಲ್ಪ ಒತ್ತಿದ ಹಣ್ಣುಗಳನ್ನು ಕಾಲು ಗಂಟೆ ಹಾಕಿಡಿ. ಇದ್ದರೆ ದಾರದ ತುಂಡಿನಂಥ ಬಿಳಿ ಮರಿಗಳು ಹೊರಬರುತ್ತವೆ. ತಿಂದರೆ ದೇಹಕ್ಕೆ ಅಪಾಯವಿಲ್ಲ, ಆದರೆ ಪ್ರಶ್ನೆ ಅದಲ್ಲವಲ್ಲ.

ನಿಜವಾಗಿ ಕೆಲಸ ಮಾಡುವುದು ಬಲೆ. ಹಕ್ಕಿಗೆ ಹಾಕುವ ದೊಡ್ಡ ಕಣ್ಣಿನ ಬಲೆ ಸಾಲದು, ಕಣ್ಣು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಿರಬೇಕು. ಹೂವೆಲ್ಲ ಉದುರಿ ಕಾಯಿ ಕಟ್ಟಿದ ಮೇಲೆ, ಮೊದಲ ಕಾಯಿ ಬಣ್ಣ ತಿರುಗುವ ಮುಂಚೆ ಮುಚ್ಚಿ, ಅಂಚನ್ನು ನೆಲಕ್ಕೆ ಕಲ್ಲಿಟ್ಟು ಒತ್ತಿ. ಊರಿಗೆ ಹೊರಡುವ ಹಿಂದಿನ ವಾರ ಇದಕ್ಕೆ ಸರಿಯಾದ ಹೊತ್ತು. ಹಕ್ಕಿ ಕಾಟವೂ ಅಲ್ಲಿಗೇ ಮುಗಿಯಿತು.

ಬಲೆ ಹಾಕದವರು ಎರಡು ಮೂರು ದಿನಕ್ಕೊಮ್ಮೆ ಕೊಯ್ಯಬೇಕು, ಉದುರಿದ್ದನ್ನು ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಬೇಕು. ಹಣ್ಣು ಸಿಹಿಯಾಗಲು ಕಾಯಬೇಕು, ನೊಣಕ್ಕೆ ಸಿಗದಂತೆ ಬೇಗ ಕೀಳಲೂ ಬೇಕು: ಬಲೆಯಿಲ್ಲದೆ ಎಲಿಯಟ್ ಬೇಡ ಎನ್ನುವುದು ಇದಕ್ಕೇ. ಕೊಯ್ದದ್ದನ್ನು ಕೂಡಲೇ ಫ್ರಿಜ್ಜಿನ ತೀರಾ ತಣ್ಣನೆಯ ಮೂಲೆಯಲ್ಲಿ ಮೂರು ದಿನ ಇಟ್ಟರೆ ಮೊಟ್ಟೆ, ಮರಿಗಳಲ್ಲಿ ಬಹುಪಾಲು ಸಾಯುತ್ತವೆ, ಉಳಿದವು ಬೆಳೆಯುವುದಿಲ್ಲ. ಸ್ಪೈನೊಸ್ಯಾಡ್ ಎಂಬ ಸಾವಯವ ಔಷಧಿಯೂ ಇದೆ. ಹಸಿಯಿರುವಾಗ ಜೇನುನೊಣಗಳಿಗೆ ವಿಷ, ಆದ್ದರಿಂದ ಸಂಜೆ ಮಾತ್ರ, ಲೇಬಲ್ ಹೇಳಿದಷ್ಟೇ.

ಜಿಂಕೆ?

ಬೇಲಿ. ಬೇರೆ ಉತ್ತರವಿಲ್ಲ. ಮೊಲಗಳು ಚಳಿಗಾಲದಲ್ಲಿ ಎಳೆ ಕಾಂಡ ಕಡಿಯುತ್ತವೆ, ಬುಡದ ಸುತ್ತ ಎರಡು ಅಡಿ ಎತ್ತರದ ತಂತಿ ಜಾಲರಿ ಸುತ್ತಿ.

ಸಿಯಾಟಲ್, ಬೇ ಏರಿಯಾ, ಟೆಕ್ಸಸ್‌ನಲ್ಲಿರುವವರಿಗೆ?

ಸಿಯಾಟಲ್, ಪೋರ್ಟ್‌ಲ್ಯಾಂಡ್‌ನವರು ಪುಣ್ಯವಂತರು. ಮಣ್ಣು ಮೊದಲೇ ಹುಳಿ, ಚಳಿ ಸಾಕಷ್ಟು. ಬೇಸಿಗೆ ಒಣ, ನೀರೊಂದು ನೋಡಿಕೊಳ್ಳಿ. ಇಲ್ಲಿ ಹೇಳಿದ ಉತ್ತರದ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ 800ರಿಂದ 1000 ಗಂಟೆ ಬೇಕು. ಬೇ ಏರಿಯಾದಲ್ಲಿ ಅಷ್ಟು ಸಿಗುವುದು ಕಷ್ಟ, ದಕ್ಷಿಣದ ಹೈಬುಷ್ ತಳಿಗಳನ್ನು ಕುಂಡದಲ್ಲಿ ಹಾಕಿ. ಹ್ಯೂಸ್ಟನ್ ಕಡೆ ರ‍್ಯಾಬಿಟ್‌ಐ ಎಂಬ ಬೇರೆ ಜಾತಿಯೇ ಸರಿ.

ಬೆಂಗಳೂರಲ್ಲಿ ಅಪ್ಪ-ಅಮ್ಮನ ಮನೆ ಟೆರೇಸ್ ಮೇಲೆ ಎಲಿಯಟ್ ಬೆಳೆಯಬಹುದಾ?

ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಎಲಿಯಟ್ ಕೇಳುವ ಚಳಿ ಅಲ್ಲಿ ಒಂದು ಗಂಟೆಯೂ ಬಿದ್ದ ದಾಖಲೆಯಿಲ್ಲ. ಎಲೆ ಬರಬಹುದು, ಹೂವಿನ ಆಸೆ ಬಿಡಿ. ಬಿಲಾಕ್ಸಿಯಂಥ, ಚಳಿ ಹೆಚ್ಚು ಕೇಳದ ದಕ್ಷಿಣದ ತಳಿಯನ್ನು ಕುಂಡದಲ್ಲಿ ಪ್ರಯತ್ನಿಸಬಹುದು. ಬೋರ್‌ವೆಲ್ ನೀರಿನ ಗಡಸುತನವೇ ಅಲ್ಲಿ ದೊಡ್ಡ ಶತ್ರು, ಮಳೆನೀರು ಹಿಡಿದಿಟ್ಟು ಹಾಕಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಮಣ್ಣು ಹುಳಿಯೇನೋ ಹೌದು, ಆದರೆ ಜೂನ್-ಜುಲೈ ಮಳೆಯಲ್ಲಿ ಬೇರು ನೀರಲ್ಲಿ ನಿಲ್ಲದಂತೆ ಏರುಮಡಿ ಬೇಕು. ಅಂದಹಾಗೆ, ಬ್ಲೂಬೆರಿಯ ಕುಲದ ಮರ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ. ನೀಲಗಿರಿಯ ಶೋಲಾ ಕಾಡಿನ ವ್ಯಾಕ್ಸಿನಿಯಂ ಲೆಷೆನಾಲ್ಟಿಗೂ ಇದೇ ತರಹ ಹೂಜಿಯಂಥ ಹೂ.

ಇಲ್ಲಿಂದ ಒಂದೆರಡು ಕಡ್ಡಿ ಸೂಟ್‌ಕೇಸಲ್ಲಿ ಒಯ್ಯಬಹುದಾ?

ಕೂಡದು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಭಾರತಕ್ಕೆ ಗಿಡ, ಕಡ್ಡಿ ಒಯ್ಯಲು ಆಮದು ಪರವಾನಗಿ ಮತ್ತು ಇಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೊಸ ತಳಿಗಳಿಗೆ ಪೇಟೆಂಟ್ ಬೇರೆ ಇರುತ್ತದೆ.

ಮನೆ ಮಾರುತ್ತಿದ್ದೇವೆ. ಆರು ವರ್ಷದ ಗಿಡ, ಕಿತ್ತುಕೊಂಡು ಹೋಗಬಹುದಾ?

ಬೇರು ಮೇಲ್ಮೇಲೆ ಇರುವುದರಿಂದ ಈ ಗಿಡ ಸ್ಥಳಾಂತರ ತಡೆದುಕೊಳ್ಳುತ್ತದೆ. ಎಲೆ ಉದುರಿದ ಮೇಲೆ ನವೆಂಬರ್‌ನಲ್ಲಿ, ಇಲ್ಲವೇ ಮೊಗ್ಗು ಒಡೆಯುವ ಮುಂಚೆ ಮಾರ್ಚ್‌ನಲ್ಲಿ. ಬುಡದಿಂದ ಒಂದೂವರೆ ಅಡಿ ದೂರ ಸುತ್ತ ಅಗೆದು ತಟ್ಟೆಯಂತೆ ಎತ್ತಿ, ಕಾಂಡಗಳನ್ನು ಅರ್ಧಕ್ಕೆ ಸವರಿ, ಮರುವರ್ಷದ ಹೂ ತೆಗೆದುಹಾಕಿ. ಆದರೆ ನೆಲದಲ್ಲಿರುವ ಗಿಡ ಸಾಮಾನ್ಯವಾಗಿ ಮನೆಯ ಜೊತೆಗೇ ಮಾರಾಟವಾದ ಲೆಕ್ಕ. ಒಯ್ಯುವುದಿದ್ದರೆ ಕರಾರಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಬರೆಸಿಕೊಳ್ಳಿ.